ಕಷ್ಟದ ತೀರ್ಮಾನ ಎದುರಾದಾಗ ದೇವರನ್ನು ಕೇಳುವುದು ಹೇಗೆ?

ದೇವರನ್ನು ಕೇಳುವ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ವಿಷಯದಲ್ಲಿ ನಾನು ಈಗಾಗಲೇ ತೀರ್ಮಾನ ಮಾಡಿಬಿಟ್ಟಿದ್ದೇನಾ? ಕೆಲಸ ಬಿಡುವುದೋ ಬೇಡವೋ, ಈ ಮದುವೆಗೆ ಒಪ್ಪುವುದೋ ಬೇಡವೋ, ವಯಸ್ಸಾದ ಅಪ್ಪ ಅಮ್ಮನನ್ನು ಬಿಟ್ಟು ದೂರ ಹೋಗುವುದೋ ಬೇಡವೋ ಎಂದು ದಿನವೂ ಮೊಣಕಾಲೂರಿ ಕೇಳುವವರಲ್ಲಿ ಎಷ್ಟೋ ಜನರಿಗೆ ಉತ್ತರ ಒಳಗೆ ಮೊದಲೇ ಸಿದ್ಧವಾಗಿರುತ್ತದೆ. ಅದರ ಕೆಳಗೆ ದೇವರು ಒಂದು ಸಹಿ ಹಾಕಿಕೊಟ್ಟರೆ ಸಾಕು, ಅಷ್ಟೇ.

ಸತ್ಯವೇದದ (ಬೈಬಲಿನ) ಯೆರೆಮೀಯನ ಪುಸ್ತಕದ 42ನೇ ಅಧ್ಯಾಯದಲ್ಲಿ ಇಂಥದ್ದೇ ಒಂದು ಪ್ರಸಂಗ ಇದೆ. ಯೆರೂಸಲೇಮ್ ಹಾಳಾಗಿದೆ. ಅದನ್ನು ಗೆದ್ದ ಬಾಬೆಲಿನ (ಬ್ಯಾಬಿಲೋನಿನ) ರಾಜ ನೇಮಿಸಿದ್ದ ಅಧಿಪತಿ ಗೆದಲ್ಯನ ಕೊಲೆಯಾಗಿದೆ. ಉಳಿದ ಜನ ಹೆದರಿ ಐಗುಪ್ತದ (ಈಜಿಪ್ಟಿನ) ದಾರಿ ಹಿಡಿದು, ಬೇತ್ಲೆಹೇಮಿನ ಹತ್ತಿರ ಬಂದು ತಂಗಿದ್ದಾರೆ. ಅಲ್ಲಿ ಪ್ರವಾದಿ ಯೆರೆಮೀಯನ ಹತ್ತಿರ ಬಂದು, ನಮಗಾಗಿ ಪ್ರಾರ್ಥಿಸು, ಹಿತವಾಗಲಿ ಅಹಿತವಾಗಲಿ ದೇವರು ಹೇಳಿದ ಹಾಗೆ ನಡೆಯುತ್ತೇವೆ ಎನ್ನುತ್ತಾರೆ. ಮಾತು ಎಷ್ಟು ಚೆನ್ನಾಗಿದೆ ಅಲ್ವಾ? 10 ದಿನದ ಮೇಲೆ ಉತ್ತರ ಬರುತ್ತದೆ. ಇಲ್ಲೇ ಇರಿ, ಐಗುಪ್ತಕ್ಕೆ ಹೋಗಬೇಡಿ ಎಂದು. ತಕ್ಷಣ ಅವರು, ನೀನು ಹೇಳುತ್ತಿರುವುದು ಸುಳ್ಳು ಎನ್ನುತ್ತಾರೆ. ಐಗುಪ್ತಕ್ಕೆ ಹೋಗಿಯೇ ಬಿಡುತ್ತಾರೆ, ಪ್ರವಾದಿಯನ್ನೂ ಜೊತೆಗೆ ಕರೆದುಕೊಂಡು. ಕೇಳುವಾಗಲೇ ಅವರ ಗಂಟುಮೂಟೆ ಕಟ್ಟಿ ಆಗಿತ್ತು.

ಇದನ್ನು ನಿಮ್ಮ ವಿಷಯದಲ್ಲಿ ಪರೀಕ್ಷೆ ಮಾಡಿ ನೋಡಬಹುದು. ಒಂಟಿಯಾಗಿ ಕೂತು, ದೇವರು ಈಗಲೇ ಸ್ಪಷ್ಟವಾಗಿ "ಬೇಡ" ಎಂದರು ಎಂದುಕೊಳ್ಳಿ. ಮೊದಲು ಏನು ಅನಿಸುತ್ತದೆ? ಬೇಜಾರಾದರೆ ಪರವಾಗಿಲ್ಲ, ಅದು ಸಹಜ. ಆದರೆ "ಸರಿಯಾಗಿ ಕೇಳಿಸಿಲ್ಲ, ಇನ್ನೊಂದು ಸಲ ಕೇಳೋಣ" ಎಂದು ಮನಸ್ಸು ಜಾರಿಕೊಳ್ಳಲು ನೋಡಿದರೆ, ನೀವಿನ್ನೂ ಕೇಳಲು ಶುರುವೇ ಮಾಡಿಲ್ಲ. ಬ್ರಿಸ್ಟಲ್‌ನಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್ (1805–1898) ದೇವರ ಚಿತ್ತ ತಿಳಿಯುವ ಬಗ್ಗೆ ಬರೆದಾಗ ಮೊದಲ ಮೆಟ್ಟಿಲಾಗಿ ಇಟ್ಟದ್ದು ಇದನ್ನೇ. ಈ ವಿಷಯದಲ್ಲಿ ನನ್ನದೇ ಆದ ಹಟ ಇಲ್ಲ ಎನ್ನುವ ಸ್ಥಿತಿಗೆ ಮನಸ್ಸು ಬರಬೇಕು, ಹತ್ತರಲ್ಲಿ ಒಂಬತ್ತು ಪಾಲು ತೊಂದರೆ ಇರುವುದು ಇಲ್ಲೇ ಎಂದರು ಅವರು. ನನಗೂ ಹಾಗೇ ಅನಿಸುತ್ತದೆ. ಮುಂದೆ ಹೇಳುವುದೆಲ್ಲ ಉಳಿದ ಒಂದು ಪಾಲಿನ ವಿಷಯ.

ಹಾಗೆಂದು ಆಸೆಯೇ ಇಟ್ಟುಕೊಳ್ಳಬಾರದು ಎಂದಲ್ಲ. ಸೆರೆಯಾಗುವ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೊದಲು ತನ್ನ ಆಸೆಯನ್ನೇ ಹೇಳಿದರು. ಸಾಧ್ಯವಿದ್ದರೆ ಈ ಪಾತ್ರೆ (ಮುಂದಿರುವ ಸಂಕಟ) ನನ್ನಿಂದ ದಾಟಿ ಹೋಗಲಿ ಎಂದರು. ಆಮೇಲೆಯೇ ನಿನ್ನ ಚಿತ್ತದಂತೆ ಆಗಲಿ ಎಂದದ್ದು. ಅದೂ ಒಂದೇ ಸಲಕ್ಕೆ ಮುಗಿಯಲಿಲ್ಲ, ಮೂರು ಸಲ ಹೋಗಿ ಪ್ರಾರ್ಥಿಸಿದರು. ಆದ್ದರಿಂದ ನಿಮಗೆ ಬೇಕಾದದ್ದನ್ನು ಬಚ್ಚಿಡಬೇಡಿ. "ಕರ್ತನೇ, ನನಗೆ ಈ ಕೆಲಸ ಬೇಕು, ತುಂಬಾ ಬೇಕು, ಬೇಡ ಅಂದರೆ ನನಗೆ ಕಷ್ಟವಾಗುತ್ತದೆ" ಎಂದು ಬಾಯಿಬಿಟ್ಟು ಹೇಳಿ. ಹೇಳದೆ ಒಳಗೇ ಇಟ್ಟುಕೊಂಡ ಆಸೆ ಆಮೇಲೆ ದೇವರ ದನಿಯ ವೇಷ ಹಾಕಿಕೊಂಡು ಬರುತ್ತದೆ.

ಇದು ನಿಜವಾಗಿ ಕೇಳಬೇಕಾದ ಪ್ರಶ್ನೆಯಾ?

ಕೆಲವು ವಿಷಯಕ್ಕೆ ಉತ್ತರ ಆಗಲೇ ಬರೆದಿದೆ. ಸುಳ್ಳು ದಾಖಲೆ ಕೊಟ್ಟು ಕೆಲಸ ಗಿಟ್ಟಿಸಿಕೊಳ್ಳಲಾ, ಕೊಟ್ಟ ಮಾತಿಗೆ ತಪ್ಪಲಾ, ಕಟ್ಟಿಕೊಂಡವರಿಗೆ ಮೋಸ ಮಾಡಲಾ ಎಂದು ಉಪವಾಸ ಕೂತು ಕೇಳುವುದು ಬೇಡ. ದೇವರ ಚಿತ್ತ ಎಂದರೆ ಇದೇ ಎಂದು ನೇರವಾಗಿ ಹೇಳುವ ವಾಕ್ಯಗಳೂ ಇವೆ. ನೀವು ಪವಿತ್ರರಾಗಿರಬೇಕು ಎಂದು 1 ಥೆಸಲೊನೀಕ 4:3, ಎಲ್ಲದರಲ್ಲೂ ಕೃತಜ್ಞತೆ ಸಲ್ಲಿಸಿ ಎಂದು ಅದೇ ಪತ್ರದ 5:18, ನ್ಯಾಯವಾಗಿ ನಡೆಯಬೇಕು, ದಯೆಯನ್ನು ಪ್ರೀತಿಸಬೇಕು, ದೇವರ ಮುಂದೆ ನಮ್ರರಾಗಿರಬೇಕು ಎಂದು ಮೀಕ 6:8. ಗಮನಿಸಿ, ಇವು ಯಾವುದೂ ಎಲ್ಲಿ ವಾಸ ಮಾಡಬೇಕು, ಯಾವ ಕೋರ್ಸ್ ಓದಬೇಕು ಎಂಬ ಬಗ್ಗೆ ಅಲ್ಲ. ಎಲ್ಲಿದ್ದರೂ ಏನು ಓದಿದರೂ ಎಂಥವರಾಗಿರಬೇಕು ಎಂಬ ಬಗ್ಗೆ.

ಇನ್ನು ಕೆಲವು ವಿಷಯಗಳಲ್ಲಿ ದೇವರು ನಮಗೆ ಸ್ವಾತಂತ್ರ್ಯವನ್ನೇ ಕೊಟ್ಟಿದ್ದಾರೆ. 1 ಕೊರಿಂಥ 7:39ರಲ್ಲಿ ಅಪೊಸ್ತಲ ಪೌಲನು ವಿಧವೆಯ ಬಗ್ಗೆ ಬರೆಯುವಾಗ, ಅವಳು ತನಗೆ ಇಷ್ಟವಾದವನನ್ನು ಮದುವೆಯಾಗಬಹುದು, ಆದರೆ ಅದು ಕರ್ತನಲ್ಲಿ ಇರಬೇಕು (ಅವನೂ ವಿಶ್ವಾಸಿಯಾಗಿರಬೇಕು) ಎನ್ನುತ್ತಾನೆ. ಒಂದು ಬೇಲಿ, ಅದರೊಳಗೆ ಅವಳ ಇಷ್ಟ. ಇಡೀ ಲೋಕದಲ್ಲಿ ದೇವರು ನನಗೆಂದು ಇಟ್ಟಿರುವುದು ಒಬ್ಬರನ್ನೇ, ಅವರು ತಪ್ಪಿಹೋದರೆ ಬಾಳೇ ತಪ್ಪಿಹೋಯಿತು ಎಂದು ನಡುಗುವವರು ಈ ವಾಕ್ಯವನ್ನು ಒಮ್ಮೆ ನಿಧಾನವಾಗಿ ಓದಬೇಕು. ಎರಡು ದಾರಿಯೂ ಒಳ್ಳೆಯದೇ ಆಗಿರಬಹುದು. ಎರಡರಲ್ಲೂ ದೇವರು ಜೊತೆಗಿರಬಹುದು.

ಇನ್ನೂ ಒಂದು ಮಾತು, ಇದು ಮುಖ್ಯ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಮಕ್ಕಳಿಗೆ ಅಪಾಯ ಇದ್ದರೆ, ಯಾರಿಗಾದರೂ ತುರ್ತಾಗಿ ಚಿಕಿತ್ಸೆ ಬೇಕಿದ್ದರೆ, ಸೂಚನೆಗಾಗಿ ಕಾಯುತ್ತಾ ಕೂರಬೇಡಿ. ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಿ, ವೈದ್ಯರ ಹತ್ತಿರ ಹೋಗಿ. ರಾಜ ಸೌಲ ಈಟಿ ಎಸೆದಾಗ ದಾವೀದ ಪಕ್ಕಕ್ಕೆ ತಪ್ಪಿಸಿಕೊಂಡು ಓಡಿದ. ಪ್ರಾರ್ಥನೆಗೆ ಆಮೇಲೆ ಬೇಕಾದಷ್ಟು ಸಮಯ ಸಿಕ್ಕಿತು.

ವಿಷಯ ತಿಳಿದುಕೊಳ್ಳುವುದೂ ಪ್ರಾರ್ಥನೆಯ ಭಾಗವೇ

ಪ್ರಾರ್ಥನೆ ಮಾಡುತ್ತಿದ್ದೇವೆ ಎಂಬ ಕಾರಣಕ್ಕೆ ವಿಚಾರಿಸುವುದನ್ನು ಬಿಡುವವರಿದ್ದಾರೆ. ಲೆಕ್ಕ ಹಾಕಿದರೆ ನಂಬಿಕೆ ಕಡಿಮೆ ಎಂದು ಅವರ ಭಾವನೆ. ಯೇಸು ಲೂಕ 14:28ರಲ್ಲಿ ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಕೇಳಿದ್ದನ್ನು ಅವರು ಮರೆತಿರುತ್ತಾರೆ.

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದವನು ಪಾರಸಿಯ ರಾಜನಿಗೆ ಪಾನಸೇವಕನಾಗಿದ್ದ ನೆಹೆಮೀಯ. ಯೆರೂಸಲೇಮಿನ ಗೋಡೆ ಬಿದ್ದಿದೆ ಎಂದು ಅವನಿಗೆ ಗೊತ್ತಾದದ್ದು ಕಿಸ್ಲೇವ್ ತಿಂಗಳಲ್ಲಿ. ರಾಜನ ಮುಂದೆ ಬಾಯಿಬಿಟ್ಟದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು 4 ತಿಂಗಳು. ಅಳು, ಉಪವಾಸ, ಪ್ರಾರ್ಥನೆ ಎಲ್ಲವೂ ಆಯಿತು. ಆದರೆ ರಾಜ "ನಿನಗೆ ಏನು ಬೇಕು" ಎಂದು ಕೇಳಿದ ಕ್ಷಣದಲ್ಲಿ ನೆಹೆಮೀಯನ ಬಾಯಿಂದ ಬಂದದ್ದು ಪೂರ್ತಿ ತಯಾರಿ ಮಾಡಿಕೊಂಡವನ ಮಾತು. ಎಷ್ಟು ಕಾಲ ಬೇಕು, ಯಾವ ಅಧಿಪತಿಗಳಿಗೆ ಪತ್ರ ಬೇಕು, ಮರ ಯಾರ ಕಡೆಯಿಂದ ಕೊಡಿಸಬೇಕು, ಎಲ್ಲ ಅವನ ತಲೆಯಲ್ಲಿತ್ತು. ಯೆರೂಸಲೇಮಿಗೆ ಬಂದ ಮೇಲೂ ಯಾರಿಗೂ ಹೇಳದೆ, ಕೆಲವೇ ಜನರ ಜೊತೆ ರಾತ್ರಿ ಹೊತ್ತು ಹೋಗಿ ಗೋಡೆಯನ್ನು ಕಣ್ಣಾರೆ ನೋಡಿದ. ಅವನು ಪ್ರಾರ್ಥನೆಯನ್ನೂ ತಯಾರಿಯನ್ನೂ ಬೇರೆ ಬೇರೆ ಮಾಡಲೇ ಇಲ್ಲ.

ಅದೇ ಯೆಹೋಶುವನ ಪುಸ್ತಕದ 9ನೇ ಅಧ್ಯಾಯದಲ್ಲಿ ಆದದ್ದು ಬೇರೆ. ಗಿಬ್ಯೋನ್ಯರು ಹರಿದ ಕೆರ, ತೇಪೆ ಹಾಕಿದ ದ್ರಾಕ್ಷಾರಸದ ಚೀಲ, ಒಣಗಿ ಬೂಸಲು ಹಿಡಿದ ರೊಟ್ಟಿ ತೋರಿಸಿ, ನಾವು ತುಂಬಾ ದೂರದಿಂದ ಬಂದವರು ಎಂದರು. ಇಸ್ರಾಯೇಲ್ಯರು ಅದನ್ನೆಲ್ಲ ನೋಡಿದರು, ದೇವರನ್ನು ಕೇಳಲಿಲ್ಲ, ಒಪ್ಪಂದ ಮಾಡಿಕೊಂಡರು. 3 ದಿನದ ಮೇಲೆ ನೋಡಿದರೆ, ಒಪ್ಪಂದ ಮಾಡಿಕೊಳ್ಳಲೇಬಾರದಿದ್ದ ಪಕ್ಕದ ಊರಿನವರು! ಅವರು ನೋಡಿದ್ದು ಎದುರಿನವರು ತೋರಿಸಲು ಬಯಸಿದ್ದನ್ನು ಮಾತ್ರ. ನಿಮಗೆ ಕೆಲಸ ಕೊಡುವವರಾಗಲಿ, ಸಂಬಂಧ ತಂದವರಾಗಲಿ, ಜಮೀನು ಮಾರುವವರಾಗಲಿ ಅವರ ಚೀಲದಿಂದ ತೆಗೆದು ತೋರಿಸಿದ್ದನ್ನೇ ಸಾಕ್ಷಿ ಎಂದುಕೊಳ್ಳಬೇಡಿ. ಲಾಭ ಇಲ್ಲದ ಮೂರನೆಯವರನ್ನು ವಿಚಾರಿಸಿ. ನಿಮಗೆ ಗೊತ್ತಿರುವುದು, ಗೊತ್ತಿಲ್ಲದ್ದು, ಸುಮ್ನೆ ಊಹೆ ಮಾಡಿಕೊಂಡದ್ದು, ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ. ಎಷ್ಟೋ ಸಲ ಗೊಂದಲಕ್ಕೆ ಕಾರಣ ಮೂರನೆಯ ಪಟ್ಟಿ ಉದ್ದ ಇರುವುದು.

ಪ್ರಾರ್ಥನೆಯಲ್ಲಿ ಏನು ಕೇಳಬೇಕು

ಯಾಕೋಬ 1:5 ಎಲ್ಲರಿಗೂ ಗೊತ್ತು. ಜ್ಞಾನ ಕಡಿಮೆ ಇದ್ದವನು ದೇವರನ್ನು ಕೇಳಲಿ, ಅವರು ಹಂಗಿಸದೆ ಧಾರಾಳವಾಗಿ ಕೊಡುತ್ತಾರೆ. ಅಲ್ಲಿ ಕೊಡುತ್ತೇನೆ ಎಂದಿರುವುದು ಜ್ಞಾನವನ್ನು. ನಾವು ಕೇಳುವುದು ಹೌದು ಅಥವಾ ಇಲ್ಲ ಎಂಬ ಸಿದ್ಧ ಉತ್ತರವನ್ನು. ಜ್ಞಾನ ಬಂದರೆ ಯೋಚಿಸುವ ಕೆಲಸ ನಮ್ಮ ಮೇಲೇ ಉಳಿಯುತ್ತದೆ, ಹೊಣೆಯೂ ನಮ್ಮದೇ ಆಗುತ್ತದೆ. ಬಹುಶಃ ಅದಕ್ಕೇ ನಮಗೆ ಸಿದ್ಧ ಉತ್ತರ ಜಾಸ್ತಿ ಇಷ್ಟ.

ಹಾಗಾಗಿ "ಹೋಗಲಾ ಬೇಡವಾ" ಎಂಬುದರ ಜೊತೆಗೆ ಬೇರೆ ಪ್ರಶ್ನೆಗಳನ್ನೂ ದೇವರ ಮುಂದೆ ಇಡಿ. ನಾನು ಯಾವುದಕ್ಕೆ ಹೆದರುತ್ತಿದ್ದೇನೆ? ಯಾರನ್ನು ಮೆಚ್ಚಿಸಲು ನೋಡುತ್ತಿದ್ದೇನೆ? ಈ ತೀರ್ಮಾನದ ಬೆಲೆ ನಾನಲ್ಲದೆ ಬೇರೆ ಯಾರು ತೆರಬೇಕಾಗುತ್ತದೆ? ನಾನು ನೋಡಲು ಒಪ್ಪದೇ ಇರುವುದು ಏನು? ಕೊನೆಯ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂರಿ. ನಮ್ಮ ಪ್ರಾರ್ಥನೆಯಲ್ಲಿ ನಮ್ಮ ಮಾತೇ ತುಂಬಿಕೊಂಡಿರುತ್ತದೆ, ಆಮೆನ್ ಎಂದ ತಕ್ಷಣ ಎದ್ದುಬಿಡುತ್ತೇವೆ.

12 ಮಂದಿ ಶಿಷ್ಯರನ್ನು ಆರಿಸುವ ಹಿಂದಿನ ರಾತ್ರಿ ಯೇಸು ಬೆಟ್ಟದ ಮೇಲೆ ರಾತ್ರಿಯಿಡೀ ಪ್ರಾರ್ಥಿಸಿದರು ಎಂದು ಲೂಕ 6:12 ಹೇಳುತ್ತದೆ. ದೊಡ್ಡ ವಿಷಯಕ್ಕೆ ದೊಡ್ಡ ಸಮಯವೇ ಬೇಕು. ಉಪವಾಸ ನಿಮ್ಮ ಅಭ್ಯಾಸವಾಗಿದ್ದರೆ ಮಾಡಿ. ಸಕ್ಕರೆ ಕಾಯಿಲೆ, ಗರ್ಭ, ದಿನಾ ನುಂಗಬೇಕಾದ ಮಾತ್ರೆ ಇದ್ದರೆ ವೈದ್ಯರನ್ನು ಕೇಳದೆ ಮಾಡಬೇಡಿ. ಊಟ ಬಿಟ್ಟರೆ ದೇವರು ಮಣಿಯುತ್ತಾರೆ ಎಂಬ ಲೆಕ್ಕದಲ್ಲಿ ಮಾಡುವುದಾದರಂತೂ ಊಟ ಮಾಡಿಯೇ ಪ್ರಾರ್ಥಿಸಿ.

ಸತ್ಯವೇದವನ್ನು ಕಣ್ಣು ಮುಚ್ಚಿ ತೆರೆಯಬೇಡಿ

ಕಣ್ಣು ಮುಚ್ಚಿ ಪುಟ ತೆರೆದು, ಬೆರಳಿಟ್ಟ ವಾಕ್ಯವೇ ಉತ್ತರ ಎನ್ನುವ ಅಭ್ಯಾಸ ಹಳೆಯದು. ಇದಕ್ಕೆ, ಮುಂದೆ ಬಿಷಪ್ ಆದ ಅಗಸ್ಟೀನನ ಉದಾಹರಣೆ ಕೊಡುತ್ತಾರೆ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ, "ತೆಗೆದು ಓದು" ಎಂಬ ಮಗುವಿನ ದನಿ ಕೇಳಿ ಅವನು ಪೌಲನ ಪತ್ರ ತೆರೆದ, ರೋಮಾಪುರ 13:13–14 ಕಣ್ಣಿಗೆ ಬಿತ್ತು, ಬದುಕು ತಿರುಗಿತು. ಆದರೆ ಅದಕ್ಕೂ ಮೊದಲು ಅವನು ಬಹಳ ಕಾಲ ಒದ್ದಾಡಿದ್ದ, ಬಿಷಪ್ ಆಂಬ್ರೋಸ್ ಅವರ ಪ್ರಸಂಗಗಳನ್ನು ಕೂತು ಕೇಳಿದ್ದ. ಯಾವ ಬದುಕನ್ನು ಬಿಡಬೇಕು ಎಂದು ಅವನಿಗೆ ಮೊದಲೇ ಗೊತ್ತಿತ್ತು, ಬಿಡಲು ಆಗುತ್ತಿರಲಿಲ್ಲ. ಎರಡು ಕೆಲಸದಲ್ಲಿ ಯಾವುದು ಎಂದು ಅವನು ಪುಟ ತೆರೆದದ್ದಲ್ಲ.

ಸಂದರ್ಭ ಬಿಟ್ಟು ಒಂದೇ ವಾಕ್ಯ ಎತ್ತಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಮತ್ತಾಯ 4:6 ನೋಡಿ. ದೇವಾಲಯದ ತುದಿಯಿಂದ ಕೆಳಗೆ ಹಾರು ಎಂದ ಸೈತಾನ 91ನೇ ಕೀರ್ತನೆಯ ಮಾತನ್ನೇ ಹೇಳಿದ. ವಾಕ್ಯ ನಿಜವಾದದ್ದೇ, ಬಳಸಿದ್ದು ತಪ್ಪು. ಹೊಸ ವರ್ಷಕ್ಕೆ ಸಿಕ್ಕಿದ ವಾಗ್ದಾನದ ವಾಕ್ಯ ಬಲ ಕೊಡಬಹುದು, ಒಳ್ಳೆಯದು. ಅದನ್ನು ಹಿಡಿದು ಮನೆ ಮಾರಬೇಡಿ.

ಇದರ ಬದಲು ಒಂದು ಪುಸ್ತಕವನ್ನು ಪೂರ್ತಿ ಓದಿ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ, ದಿನಕ್ಕೊಂದರಂತೆ ಒಂದು ತಿಂಗಳು. ಹಣ, ಮಾತು, ಸಾಲಕ್ಕೆ ಹೊಣೆ ನಿಲ್ಲುವುದು, ಸೋಮಾರಿತನ, ಸ್ನೇಹ, ಎಲ್ಲವೂ ಅಲ್ಲಿದೆ. ಇಲ್ಲವೇ ಯಾಕೋಬನ ಪತ್ರ, 5 ಅಧ್ಯಾಯ. ನಿಮ್ಮ ವಿಷಯಕ್ಕೆ ಹೊಂದುವ ವಾಕ್ಯಗಳನ್ನು ಮಾತ್ರ ಗುರುತು ಹಾಕಬೇಡಿ. ನಿಮ್ಮ ಆಸೆಗೆ ಅಡ್ಡ ಬರುವ ವಾಕ್ಯಗಳನ್ನೂ ಬರೆದಿಡಿ. ಅಂಥದ್ದು ಒಂದೂ ಸಿಗಲಿಲ್ಲ ಎಂದರೆ ಓದಿದ್ದು ಸಾಲದು.

ಸೂಚನೆ, ಚೀಟು, ತೆರೆದ ಬಾಗಿಲು

ಈಗ ಎಲ್ಲರೂ ಕೇಳುವ ವಿಷಯಕ್ಕೆ ಬರೋಣ. ಗಿದ್ಯೋನ ಉಣ್ಣೆ ಇಟ್ಟು ಕೇಳಲಿಲ್ಲವೇ, ನಾನೂ ಯಾಕೆ ಒಂದು ಗುರುತು ಕೇಳಬಾರದು? ನ್ಯಾಯಸ್ಥಾಪಕರು 6ನೇ ಅಧ್ಯಾಯವನ್ನು ಪೂರ್ತಿ ಓದಿದರೆ ಗಿದ್ಯೋನನಿಗೆ ಆಗಲೇ ಉತ್ತರ ಸಿಕ್ಕಿತ್ತು ಎಂದು ಕಾಣುತ್ತದೆ. ಮಿದ್ಯಾನ್ಯರ ಕೈಯಿಂದ ಇಸ್ರಾಯೇಲನ್ನು ಬಿಡಿಸಲು ಹೋಗು ಎಂದು ದೇವರು ಹೇಳಿ ಆಗಿತ್ತು. ಬಂಡೆಯಿಂದ ಬೆಂಕಿ ಎದ್ದು ಅರ್ಪಣೆಯನ್ನು ಸುಟ್ಟದ್ದನ್ನೂ ಅವನು ನೋಡಿದ್ದ. ಉಣ್ಣೆ ಇಡುವಾಗ ಅವನೇ "ನೀನು ಹೇಳಿದ ಹಾಗೆ" ಎನ್ನುತ್ತಾನೆ. ಮೊದಲ ರಾತ್ರಿ ಉಣ್ಣೆ ಒದ್ದೆ, ನೆಲ ಒಣ. ಸಾಲಲಿಲ್ಲ. ಕೋಪ ಮಾಡಿಕೊಳ್ಳಬೇಡ ಎಂದು ಬೇಡಿಕೊಂಡು ಎರಡನೆಯ ರಾತ್ರಿ ತಿರುಗಾಮುರುಗಾ ಕೇಳಿದ. ಅವನಿಗೆ ದಾರಿ ಗೊತ್ತಿತ್ತು, ಧೈರ್ಯ ಇರಲಿಲ್ಲ. ದೇವರು ತಾಳ್ಮೆಯಿಂದ ನಡೆಸಿಕೊಂಡರು. ಅದು ದೇವರ ದಯೆಯ ಕಥೆ. ನಮ್ಮ ಕಾರ್ಯವಿಧಾನ ಆಗಬೇಕೆಂದು ಅಲ್ಲಿ ಎಲ್ಲೂ ಹೇಳಿಲ್ಲ.

ಚೀಟು ಹಾಕುವುದೂ ಸತ್ಯವೇದದಲ್ಲಿದೆ. ಯೇಸುವನ್ನು ಹಿಡಿದುಕೊಟ್ಟ ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟಿನಿಂದಲೇ. ಅದು ಅಪೊಸ್ತಲರ ಕೃತ್ಯಗಳು 1ನೇ ಅಧ್ಯಾಯ. 2ನೇ ಅಧ್ಯಾಯದಲ್ಲಿ ಪವಿತ್ರಾತ್ಮ ಬಂದ ಮೇಲೆ ಶಿಷ್ಯರು ತೀರ್ಮಾನಕ್ಕೆ ಚೀಟು ಹಾಕಿದ್ದು ಹೊಸ ಒಡಂಬಡಿಕೆಯಲ್ಲಿ ಮತ್ತೆ ಕಾಣುವುದಿಲ್ಲ. 18ನೇ ಶತಮಾನದಲ್ಲಿ ಮೊರೇವಿಯನ್ ಎಂಬ ಪ್ರೊಟೆಸ್ಟೆಂಟ್ ಸಭೆಯವರು ಯಾರನ್ನು ಎಲ್ಲಿಗೆ ಕಳಿಸಬೇಕು ಎಂಬುದರಿಂದ ಹಿಡಿದು ಮದುವೆಯವರೆಗೆ ಚೀಟು ಎತ್ತಿ ನೋಡುತ್ತಿದ್ದರು. ಮುಂದೆ ಆ ಸಭೆಯೇ ಆ ಪದ್ಧತಿಯನ್ನು ಕೈಬಿಟ್ಟಿತು.

ತೆರೆದ ಬಾಗಿಲಿನ ಮಾತು ಇನ್ನೂ ಜಾರು. "ಎಲ್ಲ ತಾನಾಗಿಯೇ ಕೂಡಿಬಂತು, ಇದು ದೇವರದ್ದೇ" ಎನ್ನುತ್ತೇವೆ. ನಿನೆವೆಗೆ ಹೋಗು ಎಂದ ದೇವರಿಂದ ತಪ್ಪಿಸಿಕೊಂಡು ಪ್ರವಾದಿ ಯೋನ ಯೊಪ್ಪ ಬಂದರಿಗೆ ಇಳಿದಾಗ ತಾರ್ಷೀಷಿಗೆ ಹೊರಟ ಹಡಗು ಸಿದ್ಧವಾಗಿ ಸಿಕ್ಕಿತು. ಜಾಗ ಇತ್ತು, ಕೊಡಲು ದುಡ್ಡೂ ಇತ್ತು. ಎಲ್ಲ ಕೂಡಿಬಂದಿತ್ತು, ದಿಕ್ಕು ಮಾತ್ರ ತಪ್ಪು! ದಾವೀದನಿಗೂ ಹಾಗೇ ಆಯಿತು. ಅವನನ್ನು ಕೊಲ್ಲಲು ಹುಡುಕುತ್ತಿದ್ದ ಸೌಲ, ಅವನು ಅಡಗಿದ್ದ ಏಂಗೆದಿಯ ಗುಹೆಯೊಳಗೆ ತಾನಾಗಿಯೇ ಬಂದ. ದೇವರು ಹೇಳಿದ ದಿನ ಇದೇ ಎಂದರು ಜೊತೆಗಿದ್ದವರು. ದಾವೀದ ಅವನ ಬಟ್ಟೆಯ ತುದಿ ಕತ್ತರಿಸಿದ, ಅದಕ್ಕೇ ಅವನ ಮನಸ್ಸು ಚುಚ್ಚಿತು, ಕೊಲ್ಲಲಿಲ್ಲ. ಅವಕಾಶ ಸಿಕ್ಕಿದ್ದು ನಿಜ, ಅದು ಅಪ್ಪಣೆ ಆಗಿರಲಿಲ್ಲ. ಇನ್ನೊಂದು ಕಡೆ 2 ಕೊರಿಂಥ 2:12–13ರಲ್ಲಿ, ತ್ರೋವ ಪಟ್ಟಣದಲ್ಲಿ ಕರ್ತನೇ ಬಾಗಿಲು ತೆರೆದಿದ್ದರೂ ಜೊತೆಗಾರ ತೀತ ಸಿಗಲಿಲ್ಲವೆಂದು ಮನಸ್ಸಿಗೆ ನೆಮ್ಮದಿ ಇಲ್ಲದೆ ಪೌಲ ಅಲ್ಲಿಂದ ಹೊರಟೇ ಹೋದ. ಬಾಗಿಲು ತೆರೆದಿದೆ ಎಂದರೆ ನೋಡಬಹುದು ಎಂದಷ್ಟೇ ಅರ್ಥ.

ಮುಚ್ಚಿದ ಬಾಗಿಲೂ ಅಷ್ಟೇ. ಒಂದು ಸಲ ತಡೆಯಾದ ತಕ್ಷಣ ದೇವರ ಚಿತ್ತ ಇಲ್ಲ ಎಂದು ಕೈಚೆಲ್ಲುವುದಾದರೆ ನೆಹೆಮೀಯನ ಗೋಡೆ ಏಳುತ್ತಿರಲಿಲ್ಲ.

ಮನಸ್ಸಿನ ಸಮಾಧಾನವನ್ನು ಎಷ್ಟು ನಂಬಬಹುದು?

"ಪ್ರಾರ್ಥಿಸಿದೆ, ಸಮಾಧಾನ ಸಿಕ್ಕಿತು, ಆದ್ದರಿಂದ ಮಾಡಿದೆ" ಎಂಬ ಸಾಕ್ಷಿ ಸಭೆಗಳಲ್ಲಿ ಕೇಳುತ್ತಲೇ ಇರುತ್ತೇವೆ. ಸಮಾಧಾನ ದೇವರ ವರ, ಅದರಲ್ಲಿ ಸಂಶಯವಿಲ್ಲ. ಆದರೆ ತಪ್ಪು ಹಡಗು ಹತ್ತಿದ ಯೋನ ಬಿರುಗಾಳಿಯ ನಡುವೆಯೂ ಗಾಢ ನಿದ್ದೆಯಲ್ಲಿದ್ದ. ತಂದೆಯ ಚಿತ್ತದ ನಟ್ಟನಡುವೆ ಇದ್ದ ಯೇಸು ಗೆತ್ಸೇಮನೆಯಲ್ಲಿ ಬೆವರು ಸುರಿಸುತ್ತಾ ಒದ್ದಾಡುತ್ತಿದ್ದರು. ಸಮಾಧಾನ ಒಂದನ್ನೇ ಅಳತೆ ಮಾಡಿದ್ದರೆ ಯೋನನೇ ಸರಿ ಎನ್ನಬೇಕಾಗುತ್ತಿತ್ತು. ಕಷ್ಟದ ನಿರ್ಧಾರವನ್ನು ಕೈಬಿಟ್ಟಾಗ ಬರುವ ಹಗುರವೂ ಸಮಾಧಾನದಂತೆಯೇ ಕಾಣುತ್ತದೆ.

ಹಾಗಾದರೆ ಒಳಗಿನ ಅನಿಸಿಕೆಗೆ ಬೆಲೆಯೇ ಇಲ್ಲವಾ? ಇದೆ, ಆದರೆ ಅದನ್ನು ಓದಲು ಸಮಯ ಕೊಡಬೇಕು. ಇದನ್ನು ಚೆನ್ನಾಗಿ ಗಮನಿಸಿದವರು ಯೇಸುಸಭೆಯನ್ನು (ಜೆಸ್ವಿಟ್) ಸ್ಥಾಪಿಸಿದ ಇಗ್ನೇಷಿಯಸ್ ಲೊಯೊಲಾ. 1521ರಲ್ಲಿ ಸ್ಪೇನಿನ ಪಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ತಗಲಿ ಅವರ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿ ಹಗಲುಗನಸು ಕಾಣುತ್ತಿದ್ದರು. ವೀರನಾಗಿ ಹೆಸರು ಮಾಡುವ ಕನಸು ಕಾಣುವಾಗ ಖುಷಿ, ಮುಗಿದ ಮೇಲೆ ಮನಸ್ಸು ಬರಡು. ಸಂತರ ಹಾಗೆ ದೇವರಿಗಾಗಿ ಬದುಕುವ ಕನಸು ಕಾಣುವಾಗಲೂ ಖುಷಿ, ಮುಗಿದ ಮೇಲೂ ಆ ಖುಷಿ ಉಳಿಯುತ್ತಿತ್ತು. ವ್ಯತ್ಯಾಸ ಗೊತ್ತಾಗುವುದು ಆಮೇಲೆ ಎಂದು ಅವರಿಗೆ ಹೊಳೆಯಿತು.

ಇದನ್ನು ಹೀಗೆ ಬಳಸಬಹುದು. ಕೆಲವು ದಿನ "ಹೌದು" ಎಂದು ತೀರ್ಮಾನಿಸಿದ ಹಾಗೆಯೇ ಬದುಕಿ ನೋಡಿ. ಯಾರಿಗೂ ಹೇಳಬೇಡಿ, ಕಾಗದಕ್ಕೆ ಸಹಿ ಹಾಕಬೇಡಿ, ಮನಸ್ಸಿನಲ್ಲಿ ಮಾತ್ರ. ರಾತ್ರಿ ಮಲಗುವ ಮೊದಲು ಎರಡು ಸಾಲು ಬರೆದಿಡಿ: ಇವತ್ತು ದೇವರ ಹತ್ತಿರ ಹೋಗಲು ಮನಸ್ಸು ಬಂತಾ, ಜನರ ಮೇಲೆ ಪ್ರೀತಿ ಇತ್ತಾ, ಇಲ್ಲ ಒಳಗೇ ಮುದುಡಿಕೊಂಡೆನಾ. ಆಮೇಲೆ ಅಷ್ಟೇ ದಿನ "ಇಲ್ಲ" ಎಂದು ತೀರ್ಮಾನಿಸಿದ ಹಾಗೆ. ಎರಡೂ ಬರಹವನ್ನು ಪಕ್ಕ ಪಕ್ಕ ಇಟ್ಟು ಓದಿ. ಇಗ್ನೇಷಿಯಸ್ ಇನ್ನೂ ಎರಡು ಉಪಾಯ ಹೇಳುತ್ತಾರೆ. ನಿಮ್ಮದೇ ಸ್ಥಿತಿಯಲ್ಲಿರುವ ಗುರುತಿಲ್ಲದ ವ್ಯಕ್ತಿಯೊಬ್ಬರು ಬಂದು ಕೇಳಿದರೆ ಏನು ಸಲಹೆ ಕೊಡುತ್ತೀರಿ? ಸಾಯುವ ಗಳಿಗೆಯಲ್ಲಿ ಹಿಂತಿರುಗಿ ನೋಡಿದರೆ ಯಾವುದನ್ನು ಆರಿಸಿದ್ದರೆ ಚೆನ್ನಾಗಿತ್ತು ಅನಿಸುತ್ತದೆ? ಮೊದಲನೆಯ ಪ್ರಶ್ನೆಗೆ ಉತ್ತರ ಎಷ್ಟು ಬೇಗ ಬರುತ್ತದೆ ಎಂದರೆ ಕೆಲವೊಮ್ಮೆ ನಾಚಿಕೆಯಾಗುತ್ತದೆ.

ಅವರ ಇನ್ನೊಂದು ನಿಯಮವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು: ಮನಸ್ಸು ಕುಗ್ಗಿದ, ದೇವರು ದೂರ ಅನಿಸುವ ಹೊತ್ತಿನಲ್ಲಿ ಮೊದಲು ಮಾಡಿದ್ದ ಒಳ್ಳೆಯ ತೀರ್ಮಾನವನ್ನು ಬದಲಿಸಬೇಡಿ. ಪ್ರವಾದಿ ಎಲೀಯನನ್ನು ನೋಡಿ. 1 ಅರಸುಗಳು 19ರಲ್ಲಿ ಅವನು ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದ. ದೇವರು ಆಗ ಅವನ ಜೊತೆ ಭವಿಷ್ಯದ ಚರ್ಚೆಗೆ ಇಳಿಯಲಿಲ್ಲ. ನಿದ್ದೆ ಕೊಟ್ಟರು, ರೊಟ್ಟಿ ನೀರು ಕೊಟ್ಟರು, ಮತ್ತೆ ನಿದ್ದೆ, ಮತ್ತೆ ಊಟ. ಮುಂದೇನು ಎಂಬ ಮಾತು ಬಂದದ್ದು ಹೋರೇಬ್ ಬೆಟ್ಟದಲ್ಲಿ, 40 ದಿನದ ನಡಿಗೆಯ ನಂತರ. ನಿದ್ದೆಗೆಟ್ಟು, ಸಿಟ್ಟಿನಲ್ಲಿ, ಸಾವಿನ ಮನೆಯಲ್ಲಿ ರಾಜೀನಾಮೆ ಬರೆಯಬೇಡಿ. ಎಲೀಯನ ಹಾಗೆ ಬದುಕೇ ಸಾಕು ಅನಿಸುತ್ತಿದ್ದರೆ, ತೀರ್ಮಾನದ ವಿಷಯ ಪಕ್ಕಕ್ಕಿಟ್ಟು ಇವತ್ತೇ ಹತ್ತಿರದವರಿಗೆ ಹೇಳಿ, ವೈದ್ಯರನ್ನು ಕಾಣಿ.

ಯಾರ ಮಾತು ಕೇಳಬೇಕು

ನಮ್ಮ ಭಾರ ತಗ್ಗಿಸು ಎಂದು ಜನ ಬೇಡಿಕೊಂಡಾಗ ರಾಜ ರೆಹಬ್ಬಾಮ ಸಲಹೆ ಕೇಳಲಿಲ್ಲ ಎನ್ನುವಂತಿಲ್ಲ. ಕೇಳಿದ. 3 ದಿನ ಸಮಯವನ್ನೂ ತೆಗೆದುಕೊಂಡ. ಅಪ್ಪ ಸೊಲೊಮೋನನ ಕಾಲದ ಹಿರಿಯರನ್ನು ಕೇಳಿದ, ಅದು ರುಚಿಸಲಿಲ್ಲ, ಜೊತೆಯಲ್ಲಿ ಬೆಳೆದ ಗೆಳೆಯರನ್ನು ಕೇಳಿದ. ಅವರು ಹೇಳಿದ್ದು ಇಷ್ಟವಾಯಿತು. 10 ಕುಲಗಳು ಕೈಬಿಟ್ಟುಹೋದವು. ಬೇಕಾದ ಉತ್ತರ ಸಿಗುವ ತನಕ ಜನ ಬದಲಿಸುತ್ತಾ ಹೋಗುವುದು ಸಲಹೆ ಕೇಳುವುದಲ್ಲ.

ಇಬ್ಬರು ಮೂವರು ಸಾಕು. ನಿಮ್ಮ ತೀರ್ಮಾನದಿಂದ ಲಾಭವಾಗಲಿ ನಷ್ಟವಾಗಲಿ ಇಲ್ಲದವರು, ಹಿಂದೆ ಯಾವಾಗಲಾದರೂ ನಿಮ್ಮ ಮುಖದ ಮೇಲೆ "ಇದು ಸರಿಯಿಲ್ಲ" ಎಂದು ಹೇಳಿರುವವರು, ಇಂಥ ದಾರಿಯಲ್ಲಿ ತಾವೇ ನಡೆದಿರುವವರು. ಪಾಸ್ಟರ್ ಅಥವಾ ಫಾದರ್ ಅವರನ್ನು ಕೇಳಿ, ಆದರೆ ತೀರ್ಮಾನವನ್ನು ಅವರ ಕೈಗೆ ಕೊಟ್ಟು ಬರಬೇಡಿ. ನಾತಾನನಂಥ ಪ್ರವಾದಿಯೇ ದೇವಾಲಯ ಕಟ್ಟುವ ದಾವೀದನ ಆಸೆಗೆ, ಮನಸ್ಸಿನಲ್ಲಿರುವುದನ್ನೆಲ್ಲ ಮಾಡು ಎಂದು ಹೇಳಿ, ಅದೇ ರಾತ್ರಿ ದೇವರ ಮಾತು ಬಂದ ಮೇಲೆ ತಿದ್ದಿಕೊಳ್ಳಬೇಕಾಯಿತು. ಕ್ವೇಕರ್ ಎಂಬ ಕ್ರೈಸ್ತ ಪಂಥದವರಲ್ಲಿ ಒಂದು ಚೆಂದದ ಪದ್ಧತಿ ಇದೆ. ಕಷ್ಟದಲ್ಲಿರುವವರ ಸುತ್ತ ಕೆಲವರು ಕೂರುತ್ತಾರೆ, ಯಾರೂ ಬುದ್ಧಿ ಹೇಳುವಂತಿಲ್ಲ, ಪ್ರಶ್ನೆ ಮಾತ್ರ ಕೇಳಬೇಕು, ನಡುನಡುವೆ ಮೌನ. ನಿಮ್ಮ ಗೆಳೆಯರ ಜೊತೆ ಒಂದು ಸಂಜೆ ಇದನ್ನು ಮಾಡಿ ನೋಡಿ. ಬುದ್ಧಿ ಹೇಳದೆ ಇರುವುದು ಎಷ್ಟು ಕಷ್ಟ ಎಂದು ಅವರಿಗೂ ಗೊತ್ತಾಗುತ್ತದೆ.

ಯಾರಾದರೂ ತಾವಾಗಿಯೇ ಬಂದು "ನಿನ್ನ ಬಗ್ಗೆ ದೇವರು ನನಗೆ ಹೇಳಿದರು" ಎಂದರೆ? ತಳ್ಳಿಹಾಕಬೇಡಿ, ನುಂಗಿಯೂ ಬಿಡಬೇಡಿ. ಪ್ರವಾದನೆಯನ್ನು ಹೀನಾಯ ಮಾಡಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ಎನ್ನುತ್ತದೆ 1 ಥೆಸಲೊನೀಕ 5:20–21. 1 ಅರಸುಗಳು 13ರಲ್ಲಿ ಬೇತೇಲಿನ ಮುದಿ ಪ್ರವಾದಿ, ದೇವದೂತ ನನಗೆ ಹೇಳಿದ ಎಂದು ಸುಳ್ಳು ಹೇಳಿದ. ಅದನ್ನು ನಂಬಿ, ತನಗೆ ದೇವರು ನೇರವಾಗಿ ಹೇಳಿದ್ದನ್ನು ಬಿಟ್ಟ ದೇವರ ಮನುಷ್ಯ ದಾರಿಯಲ್ಲಿ ಸಿಂಹದ ಪಾಲಾದ. ಮುನ್ನೆಚ್ಚರಿಕೆ ನಿಜವಾದರೂ ಅದರಿಂದ ಏನು ಮಾಡಬೇಕು ಎಂಬುದು ಬೇರೆಯೇ ಪ್ರಶ್ನೆ. ಪ್ರವಾದಿ ಅಗಬನು ಪೌಲನ ನಡುಕಟ್ಟಿನಿಂದ ತನ್ನ ಕೈಕಾಲು ಕಟ್ಟಿಕೊಂಡು, ಯೆರೂಸಲೇಮಿನಲ್ಲಿ ನಿನಗೆ ಹೀಗಾಗುತ್ತದೆ ಎಂದ. ಎಲ್ಲರೂ ಅತ್ತು, ಹೋಗಬೇಡ ಎಂದರು. ಪೌಲ ಹೋದ. ಹಾಗೆಯೇ ಆಯಿತು ಕೂಡ. ಆದರೂ ಹೋದದ್ದು ತಪ್ಪು ಎಂದು ಅವನು ಎಲ್ಲೂ ಹೇಳಿಲ್ಲ.

ಗಂಡ ಹೆಂಡತಿ ಇಬ್ಬರ ಬದುಕಿಗೂ ಸಂಬಂಧಿಸಿದ ವಿಷಯವಾದರೆ ಒಬ್ಬರಿಗೇ ದೇವರು ಹೇಳಿದರು ಎಂದು ಹೊರಡಬೇಡಿ. ಇನ್ನೊಬ್ಬರು ಒಪ್ಪುತ್ತಿಲ್ಲ ಎಂಬುದೂ ಕೇಳಿಸಿಕೊಳ್ಳಬೇಕಾದ ಮಾತೇ.

ಒಂದು ದಿನ ಗೊತ್ತು ಮಾಡಿ

ಕಾಯುವುದಕ್ಕೂ ಮುಂದೂಡುವುದಕ್ಕೂ ವ್ಯತ್ಯಾಸ ಇದೆ. ಕಾಯುವವರಿಗೆ ಏನಕ್ಕಾಗಿ ಕಾಯುತ್ತಿದ್ದೇನೆ ಎಂದು ಗೊತ್ತಿರುತ್ತದೆ. ವೈದ್ಯರ ವರದಿ ಬರಬೇಕು, ಮಗಳ ಪರೀಕ್ಷೆ ಮುಗಿಯಬೇಕು, ಹೀಗೆ. ಅಂಥದ್ದು ಏನೂ ಉಳಿದಿಲ್ಲ ಎಂದರೆ ಒಂದು ತಾರೀಖು ಗುರುತು ಹಾಕಿ, ಆ ದಿನ ತೀರ್ಮಾನಿಸಿ. ಪೂರ್ತಿ ಖಾತ್ರಿ ಎಷ್ಟೋ ಸಲ ಸಿಗುವುದೇ ಇಲ್ಲ. ಅಪೊಸ್ತಲರ ಕೃತ್ಯಗಳು 16ರಲ್ಲಿ ಪೌಲನ ಗುಂಪಿಗೆ ಆಸ್ಯ ಸೀಮೆಯಲ್ಲಿ ಸಾರಲು ತಡೆಯಾಯಿತು, ಬಿಥೂನ್ಯಕ್ಕೆ ಹೋಗಲು ನೋಡಿದರು, ಅದಕ್ಕೂ ತಡೆ. ತ್ರೋವಕ್ಕೆ ಬಂದರು. ಅಲ್ಲಿ ರಾತ್ರಿ ಮಕೆದೋನ್ಯದವನೊಬ್ಬನ ದರ್ಶನ. ಆಗಲೂ ಅವರು ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ, ದೇವರು ನಮ್ಮನ್ನು ಅಲ್ಲಿಗೆ ಕರೆದಿದ್ದಾರೆ ಎಂದು ನಿಶ್ಚಯಿಸಿಕೊಂಡು ಹೊರಟರು. ನಡೆಯುತ್ತಿದ್ದವರಿಗೆ ತಡೆಯೂ ಸಿಕ್ಕಿತು, ದಾರಿಯೂ ಸಿಕ್ಕಿತು.

ಎರಡೂ ದಾರಿ ಸಮ ಅನಿಸಿದರೆ? ಪ್ರೀತಿಗೆ ಜಾಸ್ತಿ ಜಾಗ ಇರುವುದನ್ನು ಆರಿಸಿ. ಅದೂ ಸಮವಾದರೆ ನಿಮಗೆ ಇಷ್ಟವಾದದ್ದನ್ನು ಆರಿಸಿ, ಅದರಲ್ಲಿ ಪಾಪವೇನೂ ಇಲ್ಲ. ಹಿಂದಕ್ಕೆ ಬರಲು ಆಗುವ ತೀರ್ಮಾನಕ್ಕೆ ಕಡಿಮೆ ಸಮಯ ಸಾಕು, ಹಿಂದಕ್ಕೆ ಬರಲು ಆಗದ್ದಕ್ಕೆ ಜಾಸ್ತಿ ಬೇಕು.

ತೀರ್ಮಾನವಾದ ಮೇಲೆ ಕಷ್ಟ ಬಂದರೆ ತಪ್ಪು ಮಾಡಿದೆ ಎಂದು ತಕ್ಷಣ ಓಡಬೇಡಿ. ಕಾರಣಗಳನ್ನು ಬರೆದಿಟ್ಟಿದ್ದರೆ ಅದನ್ನು ತೆಗೆದು ಓದಿ. ನಿಜಕ್ಕೂ ತಪ್ಪಾಗಿದ್ದರೆ ತಿದ್ದಿಕೊಳ್ಳಿ. ಪೌಲನೂ ಅವನ ಜೊತೆಗಾರ ಬಾರ್ನಬನೂ, ಹಿಂದೊಮ್ಮೆ ತಮ್ಮನ್ನು ನಡುದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕನ ವಿಷಯಕ್ಕೆ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು. ಯಾರು ಸರಿ ಎಂದು ಸತ್ಯವೇದ ಹೇಳುವುದೇ ಇಲ್ಲ. ಕೊನೆಗೆ 2 ತಿಮೊಥೆಯ 4:11ರಲ್ಲಿ ಅದೇ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂದು ಪೌಲನೇ ಬರೆಯುತ್ತಾನೆ.

ಕೊನೆಯ ಕೆಲಸ ಬೇರೆಯವರಿಗೆ ತಿಳಿಸುವುದು. ಇಲ್ಲಿ "ದೇವರು ಹೇಳಿದರು, ಮುಗಿಯಿತು" ಎನ್ನಬೇಡಿ. ಹಾಗೆಂದ ಮೇಲೆ ಎದುರಿನವರಿಗೆ ಮಾತಾಡಲು ಜಾಗವೇ ಇರುವುದಿಲ್ಲ, ನಾಳೆ ನೀವೇ ತಿದ್ದಿಕೊಳ್ಳಬೇಕಾದರೆ ನಿಮಗೂ ಇರುವುದಿಲ್ಲ. ಅಪೊಸ್ತಲರ ಕೃತ್ಯಗಳು 15ರಲ್ಲಿ ಯೆರೂಸಲೇಮಿನ ಸಭೆ ಬಹಳ ಚರ್ಚೆ ಮಾಡಿ ಬರೆದ ಪತ್ರದಲ್ಲಿ, ಪವಿತ್ರಾತ್ಮನಿಗೂ ನಮಗೂ ಇದು ಸರಿ ಎಂದು ತೋರಿತು ಎಂದಿದೆ. ಅಪೊಸ್ತಲರೇ ಅಷ್ಟು ಮೆಲ್ಲಗೆ ಬರೆದರು. "ಪ್ರಾರ್ಥನೆ ಮಾಡಿದೆ, ವಿಚಾರಿಸಿದೆ, ಇಂಥವರ ಮಾತು ಕೇಳಿದೆ, ನನಗೆ ಇದು ಸರಿ ಎಂದು ತೋರುತ್ತಿದೆ" ಎಂದು ಹೇಳಿ. ನಿಮ್ಮ ತೀರ್ಮಾನದಿಂದ ನೋವಾಗುವವರಿಗೆ ಫೋನಿನಲ್ಲೋ ಮೆಸೇಜಿನಲ್ಲೋ ತಿಳಿಸಬೇಡಿ, ಎದುರು ಕೂತು ಹೇಳಿ, ಅವರು ಏನು ಹೇಳುತ್ತಾರೋ ಪೂರ್ತಿ ಕೇಳಿಸಿಕೊಳ್ಳಿ.